ಹೊಳೆ ಏರುವ ಮೊದಲೇ ಗಂಟು ಕಟ್ಟಿಡಿ

ಚಿಕ್ಕೋಡಿ, ಅಥಣಿ, ರಾಯಬಾಗ, ಜಮಖಂಡಿ ಭಾಗದ ಹೊಳೆಸಾಲಿನ ಊರುಗಳಿಗೆ ಮಹಾಪೂರ ಬರಲು ಅಲ್ಲೇ ಮಳೆಯಾಗಬೇಕೆಂದಿಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿದು ಕೊಯ್ನಾ, ವಾರಣಾ ಜಲಾಶಯಗಳಿಂದ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದಾಗಲೂ ಕೃಷ್ಣೆ ಏರುತ್ತಾಳೆ. 2005, 2019, 2021ರಲ್ಲಿ ಜುಲೈ–ಆಗಸ್ಟ್ ತಿಂಗಳಲ್ಲೇ ಹೀಗಾಯಿತು. ಆದ್ದರಿಂದ ಮಿರಗ ಮಳೆಯ ಬಿತ್ತನೆ ಮುಗಿದ ಕೂಡಲೇ ಮನೆ ಬಿಡುವ ಗಂಟನ್ನೂ ಕಟ್ಟಿಡಬೇಕು.

ಊರು ಬಿಡಿ ಎಂದು ಡಂಗುರ ಸಾರಿದರೂ ರೈತರು ಹೊರಡದಿರುವುದಕ್ಕೆ ಮುಖ್ಯ ಕಾರಣ ಹಟವಲ್ಲ. "ದನಾ ಬಿಟ್ಟು ಹೆಂಗ ಬರೂದ್ರೀ?" ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಹಾಗಾಗಿ ರೈತರ ಮನೆಯಲ್ಲಿ ಎರಡು ಗಂಟು ಇರಬೇಕು, ಒಂದು ಮಂದಿಗೆ, ಇನ್ನೊಂದು ದನಗಳಿಗೆ.

ದನಗಳ ಗಂಟನ್ನೇ ಮೊದಲು ಕಟ್ಟಿ. ತಲೆಗೊಂದರಂತೆ ಗಟ್ಟಿ ಹಗ್ಗ, ಹೆಚ್ಚಿನ ಮೂಗುದಾರ, ಒಂದು ಬಕೆಟ್, ಎರಡು ದಿನಕ್ಕಾಗುವಷ್ಟು ಹಿಂಡಿ, ಗಾಯಕ್ಕೆ ಹಚ್ಚಲು ಬೇವಿನೆಣ್ಣೆ ಇರಲಿ. ಪ್ರತಿ ದನದ ಕಿವಿಯ ಹಳದಿ ಬಿಲ್ಲೆಯಲ್ಲಿರುವ 12 ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ದನದ ಪಕ್ಕದಲ್ಲಿ ನೀವು ನಿಂತು, ಬಿಲ್ಲೆ ಕಾಣುವಂತೆ ಒಂದು ಫೋಟೋ ತೆಗೆಸಿ. ದನ ತಪ್ಪಿಸಿಕೊಂಡು ಬೇರೆ ಊರು ಸೇರಿದರೂ, ಪರಿಹಾರದ ಅರ್ಜಿ ಹಾಕಬೇಕಾಗಿ ಬಂದರೂ ಅದು ನಿಮ್ಮದೆಂದು ತೋರಿಸಲು ಈ ಚೀಟಿ, ಫೋಟೋ ನೆರವಾಗುತ್ತವೆ. ಗಂಜಿ ಕೇಂದ್ರದ ಬಳಿ ಹತ್ತೂರ ದನ ಸೇರುವುದರಿಂದ ಗಂಟಲುಬೇನೆಯ ಲಸಿಕೆಯನ್ನು, ಅದರ ಜೊತೆ ಚಪ್ಪೆಬೇನೆಯದನ್ನೂ ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು. ಲಸಿಕೆ ಕೆಲಸ ಮಾಡಲು ಎರಡು–ಮೂರು ವಾರ ಹಿಡಿಯುತ್ತದೆ, ನೀರು ಬಂದ ಮೇಲೆ ಹಾಕಿಸಿದರೆ ತಡವಾಯಿತು. ದನ ಒಯ್ಯಲು ಆಗದೇ ಹೋದರೆ ಹಗ್ಗ ಬಿಚ್ಚಿಯೇ ಹೊರಡಿ. ಗೂಟಕ್ಕೆ ಕಟ್ಟಿದ ಎಮ್ಮೆಗೆ ಈಜು ಬಂದರೂ ಉಪಯೋಗವಿಲ್ಲ.

ಮಂದಿಯ ಗಂಟಿನಲ್ಲಿ ಕಾಗದಪತ್ರವೇ ಮುಖ್ಯ. ಪಹಣಿಗಾಗಿ ಚಿಂತಿಸಬೇಡಿ, ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ. ಮತ್ತೆ ಸುಲಭವಾಗಿ ಸಿಗದವು ಖರೀದಿಪತ್ರದ ಮೂಲಪ್ರತಿ, ಬೆಳೆವಿಮೆ ಕಟ್ಟಿದ ರಸೀದಿ, ಬಂಗಾರ ಅಡವಿಟ್ಟ ಚೀಟಿ. ಇವುಗಳ ಜೊತೆ ಆಧಾರ್, ರೇಷನ್ ಕಾರ್ಡ್, ಪರಿಹಾರದ ಹಣ ಜಮೆಯಾಗುವ ಖಾತೆಯ ಪಾಸ್‌ಬುಕ್ ಮತ್ತು ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ನಂಬರ್ ಬರೆದ ಚೀಟಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಮಡಚಿ, ಇನ್ನೊಂದು ಚೀಲದೊಳಗೆ ತಲೆಕೆಳಗಾಗಿ ಇಡಿ. ಹಾಗಿಟ್ಟರೆ ನೀರು ಒಳಗಿಳಿಯುವುದು ಕಷ್ಟ.

ತಿನ್ನಲು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಅವಲಕ್ಕಿ ಸಾಕು. ಒಲೆ ಹಚ್ಚದೆ ಎರಡು ದಿನ ಕಳೆಯಬಹುದು. ಕುಡಿಯುವ ನೀರನ್ನು ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಯಲ್ಲಿ ಮಾತ್ರ ತುಂಬಬೇಡಿ, ಎಷ್ಟೇ ತೊಳೆದರೂ ವಿಷ ಉಳಿದಿರುತ್ತದೆ. ಬಿ.ಪಿ., ಶುಗರ್ ಗುಳಿಗೆ ಒಂದು ವಾರದಷ್ಟು, ಓಆರ್‌ಎಸ್ ಪೊಟ್ಟಣ, ಹೆಣ್ಣುಮಕ್ಕಳಿಗೆ ಪ್ಯಾಡ್, ಬ್ಯಾಟರಿ, ಬೆಂಕಿಪೊಟ್ಟಣ, ಸ್ವಲ್ಪ ಚಿಲ್ಲರೆ ಹಣವೂ ಇರಲಿ. ಗಂಟನ್ನು ಮನೆಯ ಹಿರಿಯರಿಂದ ಒಮ್ಮೆ ಎತ್ತಿಸಿ ನೋಡಿ, ಅವರಿಗೆ ಭಾರವಾದರೆ ಕಡಿಮೆ ಮಾಡಿ.

ಹೊಳೆದಂಡೆಯ ಪಂಪ್‌ಸೆಟ್ ವಿಷಯ ಹೇಳದೆ ಬಿಡುವಂತಿಲ್ಲ. ಏರುತ್ತಿರುವ ಹೊಳೆಗೆ ಮೋಟರ್ ತರಲೆಂದು ಇಳಿಯುವುದು ಪ್ರಾಣಕ್ಕೆ ಅಪಾಯ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಬಿಡುವ ನೀರು ಹೆಚ್ಚುತ್ತಿದೆಯೆಂಬ ಸುದ್ದಿ ಬಂದ ದಿನವೇ, ಕರೆಂಟ್ ತೆಗೆಸಿ ಮೋಟರನ್ನು ಎತ್ತರಕ್ಕೆ ಸಾಗಿಸಿ.

ಹೊರಡುವ ಹೊತ್ತನ್ನು ಮನೆಯ ಹೊಸ್ತಿಲ ನೀರು ನೋಡಿ ನಿರ್ಧರಿಸಬೇಡಿ. ಕಲ್ಲೋಳ–ಯಡೂರಿನಂಥ ತಗ್ಗಿನ ಸೇತುವೆಗಳು ಊರಿಗಿಂತ ಮೊದಲು ಮುಳುಗುತ್ತವೆ. ನಿಮ್ಮ ದಾರಿಯ ಸೇತುವೆಗೆ ನೀರು ತಾಗುವ ಮುನ್ನ ದನಗಳನ್ನು ದಾಟಿಸಿ. ಸಿಕ್ಕಿಹಾಕಿಕೊಂಡರೆ 112ಕ್ಕೆ, ಇಲ್ಲವೇ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ. ದನಗಳ ಚಿಕಿತ್ಸೆಗೆ 1962. ಮೊಬೈಲ್ ನೀರಿಗೆ ಬಿದ್ದರೂ ನೆನಪಿರುವಂತೆ ಈ ಮೂರೂ ನಂಬರನ್ನು ಚೀಟಿಯಲ್ಲಿ ಬರೆದು ಕಾಗದಪತ್ರದ ಚೀಲಕ್ಕೆ ಸೇರಿಸಿ.