ಸುಲಿಗೆಗಾರನ ತಲೆಗೆ ಬೆಲೆ

ದಾರಿಗಳ್ಳನನ್ನು ಹಿಡಿದು ಶಿಕ್ಷೆಗೆ ಗುರಿಪಡಿಸಿದವರಿಗೆ 40 ಪೌಂಡು ಬಹುಮಾನವೆಂದು ಇಂಗ್ಲೆಂಡು 1692ರಲ್ಲಿ ಶಾಸನ ಮಾಡಿತು. ಲಂಡನ್ನಿನ ಬೀದಿಗಳಲ್ಲಿ ಸುಲಿಗೆ ನಿಲ್ಲದಿರಲು, ದೊರೆ ಮೊದಲನೆಯ ಜಾರ್ಜನು 1720ರಲ್ಲಿ ಘೋಷಣೆ ಹೊರಡಿಸಿ ಅದಕ್ಕೆ ಇನ್ನೂ 100 ಪೌಂಡು ಸೇರಿಸಿದನು. ಇಂದಿನಂತಹ ಪೊಲೀಸ್ ಪಡೆಯಿಲ್ಲದ ಆ ಕಾಲದಲ್ಲಿ ಹಣವೇ ಕಾವಲುಗಾರನಾಗಬೇಕಾಗಿತ್ತು. ಆದರೆ ಹಣಕ್ಕೆ ನ್ಯಾಯಾನ್ಯಾಯಗಳ ಭೇದವುಂಟೇ? ಕಳ್ಳರನ್ನು ಹಿಡಿದುಕೊಡುತ್ತಿದ್ದ ಜೊನಾಥನ್ ವೈಲ್ಡನೇ ಕಳ್ಳರ ಒಡೆಯನೆಂದು ಬಯಲಾಗಿ 1725ರಲ್ಲಿ ಗಲ್ಲಿಗೇರಿದನು. ಬಹುಮಾನದ ಆಸೆಗೆ ಮ್ಯಾಕ್‌ಡ್ಯಾನಿಯಲ್ಲನ ತಂಡದವರು ಹೂಡಿದ ಸುಳ್ಳು ಮೊಕದ್ದಮೆಯಿಂದ 1754ರಲ್ಲಿ ನಿರಪರಾಧಿ ಜೋಷುವಾ ಕಿಡನ್ ನೇಣಿಗೇರಿದನು. ಆದರೂ ಶಾಸನದ ಈ ಬಹುಮಾನ ರದ್ದಾದುದು 1818ರಲ್ಲಿ.

ಅರಸನ ಉದ್ದೇಶವನ್ನು ನಾನು ಹಳಿಯಲಾರೆ. ಆದರೆ ಶಿಕ್ಷೆಯಾದರೆ ಮಾತ್ರ ಹಣವೆಂಬ ಕರಾರು ಸಾಕ್ಷಿಯನ್ನೇ ಮಾರಾಟದ ಸರಕಾಗಿಸಿತು. ಅದರ ಬೆಲೆ ತೆತ್ತವನು ದಿಕ್ಕಿಲ್ಲದ ಬಡವ.