ಇಳಿಯುವ ಮೊದಲೇ ಏರುವ ಲೆಕ್ಕ

ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್, ಜ್ಯಾಕ್ಸನ್ಸ್ ಬಾರ್. ಅಂಡಮಾನಿನ ಹ್ಯಾವ್ಲಾಕ್ ಸುತ್ತಲಿನ ಕಡಲಿನಲ್ಲಿ ಅನುಭವಿ ಡೈವರ್‌ಗಳು ಹುಡುಕಿಕೊಂಡು ಹೋಗುವ ಈ ತಾಣಗಳಿಗೆ ಇಟ್ಟಿರುವುದು ಅಲ್ಲಿನ ಕರೆನ್ ಸಮುದಾಯದವರ ಹೆಸರುಗಳನ್ನು. 1925ರ ಸುಮಾರಿಗೆ ಬರ್ಮಾದಿಂದ ಬಂದು ಅಂಡಮಾನಿನಲ್ಲಿ ನೆಲೆನಿಂತ ಸಮುದಾಯ ಅದು. 2018ರಲ್ಲಿ ಹ್ಯಾವ್ಲಾಕ್ ಸರ್ಕಾರಿ ಕಡತಗಳಲ್ಲಿ ಸ್ವರಾಜ್ ದ್ವೀಪವಾಯಿತು. ನೀರಿನೊಳಗಿನ ಬಂಡೆಗಳ ಹೆಸರು ಹಾಗೇ ಉಳಿದಿದೆ.

ಡಿಕ್ಸನ್ಸ್ ಪಿನಾಕಲ್ ಎಂದರೆ ಕಡಲ ತಳದಿಂದೆದ್ದ ಮೂರು ಬಂಡೆ ಶಿಖರಗಳು. ಅವುಗಳ ನೆತ್ತಿಯೇ ಸುಮಾರು 18 ಮೀಟರ್ ಆಳದಲ್ಲಿದೆ, ಬುಡ 30 ಮೀಟರ್ ದಾಟುತ್ತದೆ. ಜಾನೀಸ್ ಗಾರ್ಜ್‌ನಲ್ಲಿ ಬಿಳಿತುದಿ ರೆಕ್ಕೆಯ ಶಾರ್ಕ್‌ಗಳೂ ಸ್ನ್ಯಾಪರ್, ಬರಾಕುಡಾ ಮೀನಿನ ದಂಡುಗಳೂ ಸಿಗುತ್ತವೆ. ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಮೊದಲ ಸಲ ಮುಳುಗಿ ರುಚಿ ಹತ್ತಿದ ಕನ್ನಡಿಗರು ಆಮೇಲೆ ಕಣ್ಣು ಹಾಕುವುದು ಸಾಮಾನ್ಯವಾಗಿ ಇತ್ತ ಕಡೆಗೇ. ಆದರೆ ಓಪನ್ ವಾಟರ್ ಸರ್ಟಿಫಿಕೇಟಿನ ಮಿತಿ 18 ಮೀಟರ್. 30ಕ್ಕೆ ಅಡ್ವಾನ್ಸ್ಡ್ ಕೋರ್ಸ್ ಬೇಕು, ಹವ್ಯಾಸಿಗಳ ಕಡೆಯ ಗಡಿಯಾದ 40ಕ್ಕೆ ಡೀಪ್ ಡೈವಿಂಗ್ ತರಬೇತಿ ಬೇಕು. ಕಾರ್ಡ್ ಇದ್ದೂ ನೀರಿಗಿಳಿದು ವರ್ಷವಾಗಿದ್ದರೆ ಮೊದಲ ದಿನ ಆಳವಿಲ್ಲದ ತಾಣದಲ್ಲಿ ಕೈಕಾಲು ಆಡಿಸಿಕೊಂಡು, ಮಾರನೆಯ ದಿನ ಆಳಕ್ಕೆ ಹೋಗುವುದೇ ಸರಿ.

ದಿನ ಗೊತ್ತುಮಾಡುವುದು

ಅಂಡಮಾನಿನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಡೈವಿಂಗ್‌ನ ಹಂಗಾಮು. ತಿಂಗಳು ಆರಿಸಿದರೆ ಸಾಲದು, ತಿಥಿಯನ್ನೂ ನೋಡಬೇಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವಿಳಿತದ ವ್ಯತ್ಯಾಸ ಹೆಚ್ಚು, ಹಾಗಾಗಿ ನೀರಿನ ಸೆಳೆತವೂ ಜೋರು. ಅಷ್ಟಮಿಯ ಹೊತ್ತಿಗೆ ಅದು ತಗ್ಗುತ್ತದೆ. ನಮ್ಮ ಕರಾವಳಿಯ ಮೀನುಗಾರರಿಗೆ ಇದು ಹೊಸ ವಿಷಯವೇನಲ್ಲ, ವಿಮಾನದ ಟಿಕೆಟ್ ಕಾದಿರಿಸುವ ಬೆಂಗಳೂರಿನವರು ಮಾತ್ರ ಪಂಚಾಂಗ ತೆರೆಯುವುದಿಲ್ಲ! ತೆರೆದ ಕಡಲಿನ ಈ ಶಿಖರಗಳಿಗೆ ಬಿರುಸಿನ ಸೆಳೆತವಿದ್ದ ದಿನ ಹೋದರೆ ಉಸಿರಿನ ಅರ್ಧ ಪಾಲು ಬಂಡೆ ಹಿಡಿದು ನಿಲ್ಲುವುದರಲ್ಲೇ ಮುಗಿಯುತ್ತದೆ.

ಗಾಳಿಯ ಲೆಕ್ಕ

ಇಡೀ ಡೈವ್ ನಿಂತಿರುವುದು ಈ ಲೆಕ್ಕದ ಮೇಲೆ. ಇದನ್ನು ಕೆಳಗಿನಿಂದ ಮೇಲಕ್ಕೆ, ಅಂದರೆ ವಾಪಸು ಬರುವ ದಾರಿಯಿಂದ ಶುರುಮಾಡಬೇಕು.

ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಒತ್ತಡ ಒಂದು ಬಾರ್ ಏರುತ್ತದೆ. 30 ಮೀಟರ್‌ನಲ್ಲಿ ಅದು ಮೇಲ್ಮೈಗಿಂತ ನಾಲ್ಕು ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಅಲ್ಲಿ ಸಿಲಿಂಡರ್‌ನಿಂದ 80 ಲೀಟರ್ ಎಳೆಯುತ್ತಾರೆ. ಬಾಡಿಗೆಗೆ ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಸಿಲಿಂಡರ್‌ನ ಗಾತ್ರ ಸುಮಾರು 11 ಲೀಟರ್; 200 ಬಾರ್ ತುಂಬಿದರೆ 2,200 ಲೀಟರ್ ಗಾಳಿ.

ಈಗ ಕೆಟ್ಟದ್ದನ್ನೇ ಎಣಿಸಬೇಕು. 30 ಮೀಟರ್ ಆಳದಲ್ಲಿ ಒಬ್ಬರ ಗಾಳಿ ನಿಂತಿತು, ಜತೆಗಾರರಿಬ್ಬರೂ ಒಂದೇ ಸಿಲಿಂಡರ್‌ನಿಂದ ಉಸಿರಾಡುತ್ತ ಮೇಲೆ ಬರಬೇಕು. ಗಾಬರಿಯಲ್ಲಿ ಉಸಿರು ಹೆಚ್ಚುವುದರಿಂದ ತಲಾ 30ರಂತೆ ಇಬ್ಬರಿಗೆ ನಿಮಿಷಕ್ಕೆ 60 ಲೀಟರ್ ಹಿಡಿಯೋಣ. ಪರಿಸ್ಥಿತಿ ಸಂಭಾಳಿಸಿಕೊಳ್ಳಲು ಒಂದು ನಿಮಿಷ: 240 ಲೀಟರ್. ನಿಮಿಷಕ್ಕೆ ಸುಮಾರು 9 ಮೀಟರ್‌ನಂತೆ 5 ಮೀಟರ್ ಆಳದವರೆಗೆ ಏರಲು ಮೂರು ನಿಮಿಷ: ಹತ್ತಿರ ಹತ್ತಿರ 500 ಲೀಟರ್. ಅಲ್ಲಿ ಮೂರು ನಿಮಿಷದ ಸೇಫ್ಟಿ ಸ್ಟಾಪ್‌ಗೆ 270. ಮೇಲ್ಮೈ ಮುಟ್ಟಲು ಇನ್ನೊಂದು 75. ಎಲ್ಲ ಸೇರಿದರೆ ಸುಮಾರು 1,080 ಲೀಟರ್, ಅಂದರೆ ಹೆಚ್ಚುಕಡಿಮೆ 100 ಬಾರ್.

ಅರ್ಧ ಸಿಲಿಂಡರ್! ದೋಣಿಯ ಮೇಲೆ ಹೇಳಿಕೊಡುವ ‘50 ಬಾರ್ ಇದ್ದಾಗ ಮೇಲೆ ಬನ್ನಿ’ ಎಂಬ ಮಾತು ಆಳವಿಲ್ಲದ ಹವಳದ ತೋಟಕ್ಕೆ ಸಾಕು, ಇಲ್ಲಿಗೆ ಸಾಲದು. ಉಳಿದ ಅರ್ಧದಲ್ಲಿ ಇಳಿಯುವ ಖರ್ಚು ಕಳೆದರೆ 30 ಮೀಟರ್‌ನಲ್ಲಿ ದಕ್ಕುವುದು ಹನ್ನೆರಡು ನಿಮಿಷ. ಕಡಿಮೆ ಎನಿಸಬಹುದು, ನಿಜ. ಅದಕ್ಕೇ ಮೊದಲು ಬುಡಕ್ಕೆ ಇಳಿದು, ಗೇಜ್ 100 ತೋರಿಸಿದ ಕೂಡಲೇ ಶಿಖರವನ್ನು ಸುತ್ತುತ್ತ ನೆತ್ತಿಗೆ ಏರುವುದು ಜಾಣತನ. ನೆತ್ತಿಯ 18 ಮೀಟರ್‌ನಿಂದ ಇಬ್ಬರೂ ಮೇಲೆ ಬರಲು ಸುಮಾರು 65 ಬಾರ್ ಸಾಕಾಗುವುದರಿಂದ ಅಲ್ಲಿ ಇನ್ನೂ ನಾಲ್ಕಾರು ನಿಮಿಷ ಸಿಗುತ್ತದೆ. ಬೆಳಕೂ ಮೀನೂ ಹೆಚ್ಚಿರುವ ಜಾಗ ಹೇಗೂ ಅದೇ.

ನೈಟ್ರಾಕ್ಸ್ ಏನು ಕೊಡುತ್ತದೆ?

ಶೇಕಡಾ 32 ಆಮ್ಲಜನಕವಿರುವ ನೈಟ್ರಾಕ್ಸ್ ತೆಗೆದುಕೊಂಡರೆ ಹೆಚ್ಚು ಹೊತ್ತು ಇರಬಹುದು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಕೋಷ್ಟಕದ ಪ್ರಕಾರ 30 ಮೀಟರ್‌ನಲ್ಲಿ ಇರಲು ಸಾಮಾನ್ಯ ಗಾಳಿಗೆ 20 ನಿಮಿಷದ ಮಿತಿ, ಈ ಮಿಶ್ರಣಕ್ಕೆ 30. ಆದರೆ 11 ಲೀಟರ್ ಸಿಲಿಂಡರ್ ಹೊತ್ತವರ ಗಾಳಿ ಅದಕ್ಕೂ ಮೊದಲೇ ತೀರುತ್ತದೆ. ನೈಟ್ರಾಕ್ಸ್‌ನ ನಿಜವಾದ ಲಾಭ ದೇಹ ಸೇರುವ ನೈಟ್ರೋಜನ್ ಕಡಿಮೆಯಾಗುವುದು; ದಿನಕ್ಕೆ ಎರಡು ಮೂರು ಸಲ ಮುಳುಗುವವರಿಗೆ ಅದು ಸಣ್ಣ ಲಾಭವಲ್ಲ. ಇದರ ಜತೆಗೆ ಒಂದು ಎಚ್ಚರಿಕೆಯೂ ಇದೆ: ಈ ಮಿಶ್ರಣದೊಂದಿಗೆ 33 ಮೀಟರ್ ದಾಟುವಂತಿಲ್ಲ. ಆಮ್ಲಜನಕವೇ ಆ ಒತ್ತಡದಲ್ಲಿ ವಿಷವಾಗತೊಡಗಿ ಸೆಳವು ಬರಿಸಬಹುದು. ಸಿಲಿಂಡರ್ ಪಡೆಯುವಾಗ ಆಮ್ಲಜನಕದ ಪ್ರಮಾಣವನ್ನು ಅನಲೈಸರ್‌ನಿಂದ ತಾವೇ ಅಳೆದು ನೋಡುವುದು ತಪ್ಪಬಾರದು, ಅಂಗಡಿಯವರು ಎಷ್ಟೇ ಪರಿಚಿತರಾಗಿರಲಿ.

ಕೆಳಗೆ

ಲಂಗರಿನ ಹಗ್ಗ ಇದ್ದರೆ ಅದರ ಗುಂಟ ಇಳಿಯುವುದು ಒಳ್ಳೆಯದು. ಸೆಳೆತದಲ್ಲಿ ದಾರಿ ತಪ್ಪುವುದಿಲ್ಲ. ಕಿವಿ ನೋಯುವ ಮೊದಲೇ ಒತ್ತಡ ಸರಿಮಾಡಿಕೊಳ್ಳಬೇಕು. 30 ಮೀಟರ್ ಹತ್ತಿರವಾದಂತೆ ನೈಟ್ರೋಜನ್ ಮಂಕು ಕವಿಸುತ್ತದೆ. ಕೆಲವರಿಗೆ ಉಲ್ಲಾಸ, ಕೆಲವರಿಗೆ ಕಾರಣವಿಲ್ಲದ ಭಯ, ಇನ್ನು ಕೆಲವರಿಗೆ ಗೇಜ್ ನೋಡಿದರೂ ಅಂಕಿ ತಲೆಗೆ ಹೋಗದ ಸ್ಥಿತಿ. ಇದರ ತೊಡಕು, ಮಂಕಾದವರಿಗೆ ತಾವು ಮಂಕಾಗಿದ್ದೇವೆಂದು ತಿಳಿಯದಿರುವುದು. ಆದ್ದರಿಂದ ಎರಡು ಮೂರು ನಿಮಿಷಕ್ಕೊಮ್ಮೆ ಇಬ್ಬರೂ ಬೆರಳು ಸಂಜ್ಞೆಯಲ್ಲಿ ತಮ್ಮ ಬಾರ್ ಎಷ್ಟೆಂದು ಹೇಳಿಕೊಳ್ಳಬೇಕು. ಉತ್ತರ ತಡವಾದರೆ ಕೆಲವು ಮೀಟರ್ ಮೇಲೇರಿದರಾಯಿತು, ತಲೆ ತಿಳಿಯಾಗುತ್ತದೆ.

ಟಾರ್ಚ್ ಹಗಲಿಗೂ ಬೇಕು. ಕೆಂಪು ಬಣ್ಣವನ್ನು ನೀರು ಮೊದಲ ಕೆಲವೇ ಮೀಟರ್‌ಗಳಲ್ಲಿ ನುಂಗಿಬಿಡುವುದರಿಂದ ಬೂದಿಯಂತೆ ಕಾಣುವ ಬೀಸಣಿಗೆ ಹವಳ ಬೆಳಕು ಬಿದ್ದಾಗಲೇ ತನ್ನ ಕೆಂಪು ತೋರಿಸುವುದು. ಫಿನ್ ತಾಗಿಸದೆ ಒಂದು ಮೀಟರ್ ದೂರದಿಂದ ನೋಡಬೇಕು. 2010ರಲ್ಲಿ ನೀರು ಬಿಸಿಯೇರಿ ಅಂಡಮಾನಿನ ಹವಳ ಬಹುಪಾಲು ಬಿಳಿಚಿಕೊಂಡಿತ್ತು. ಇಂಥ ಪೆಟ್ಟು ತಿಂದ ಹವಳಕ್ಕೆ ಚೇತರಿಸಿಕೊಳ್ಳಲು ವರ್ಷಗಳು ಬೇಕು.

ಮೇಲೆ, ಮತ್ತು ಆಮೇಲೆ

ಹಗ್ಗಕ್ಕೆ ವಾಪಸು ಬರಲಾಗದಿದ್ದರೆ ಕಿತ್ತಳೆ ಬಣ್ಣದ ಗುರುತಿನ ಬಲೂನನ್ನು ನೀರೊಳಗಿಂದಲೇ ಊದಿ ಬಿಡಬೇಕು. ಇದನ್ನು ಪ್ರತಿಯೊಬ್ಬರೂ ಒಯ್ಯಬೇಕು, ಬಿಡುವುದನ್ನು ಆಳವಿಲ್ಲದ ಕಡೆ ಮೊದಲೇ ಅಭ್ಯಾಸ ಮಾಡಿರಬೇಕು. ಅದರ ದಾರ ಸುತ್ತಿದ ರೀಲ್ ಸಿಕ್ಕಿಹಾಕಿಕೊಂಡರೆ ಬಲೂನು ಡೈವರನ್ನೇ ಮೇಲಕ್ಕೆ ಎಳೆದೊಯ್ಯುತ್ತದೆ.

ದೋಣಿ ಹತ್ತಿದ ಮೇಲೆ ಕೀಲುನೋವು, ಜುಮ್ಮೆನ್ನುವಿಕೆ, ಚರ್ಮದ ಮೇಲೆ ಮಚ್ಚೆ ಅಥವಾ ವಿಪರೀತ ಸುಸ್ತು ಕಂಡರೆ ‘ನಿದ್ದೆ ಮಾಡಿದರೆ ಹೋಗುತ್ತದೆ’ ಎಂದು ತಳ್ಳಿಹಾಕಬಾರದು. ಕೂಡಲೇ ಶುದ್ಧ ಆಮ್ಲಜನಕ ಕೊಡಿಸಬೇಕು. ಒತ್ತಡ ಚಿಕಿತ್ಸೆಯ ಚೇಂಬರ್ ಇರುವುದು ಕಡಲಾಚೆ, ಈಗ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್‌ನಲ್ಲಿ, ನೌಕಾಪಡೆಯ ಬಳಿ. ಹೀಗಾಗಿ ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ, ಅದರಲ್ಲಿ ಎಷ್ಟು ತುಂಬಿದೆ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಬೇಕು. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರ ದೋಣಿ ಬಿಟ್ಟುಬಿಡುವುದೇ ಮೇಲು.

ಹಲವು ದಿನ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕು ಎಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ಹ್ಯಾವ್ಲಾಕ್‌ನಿಂದ ವಿಮಾನ ನಿಲ್ದಾಣಕ್ಕೆ ಹಡಗಿನಲ್ಲಿ ಬರಬೇಕಿರುವುದರಿಂದ ಕೊನೆಯ ಒಂದು ದಿನವನ್ನು ನೆಲದ ಮೇಲೆ ಕಳೆಯಲೆಂದೇ ಎತ್ತಿಡಬೇಕು. ಬ್ಯಾಗಿನಲ್ಲಿ ದಡದಲ್ಲಿ ಸಿಕ್ಕ ಹವಳದ ತುಂಡು ಇರಬಾರದು. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸತ್ತ ಚೂರನ್ನು ಒಯ್ದರೂ ಅದು ಅಪರಾಧವೇ.