ಹನಿಯ ಫೋಟೋ ಸಾಲದು, ಪುಟ್ಟೀ

ಪ್ರೀತಿಯ ಪುಟ್ಟಿಗೆ,



ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನೋಡಿದೆ. ಬಿಳಿ ಹಾಳೆಯ ಮೇಲೆ ಮುತ್ತಿನಂತೆ ಕೂತ ನೀರಿನ ಹನಿ, ಪಕ್ಕದಲ್ಲಿ ಹನಿ ಹಾಳೆಯನ್ನು ಮುಟ್ಟುವ ಸ್ಪರ್ಶ ಕೋನ 152 ಡಿಗ್ರಿ, ಕೆಳಗೆ ‘ಸಿಕ್ಕೇಬಿಡ್ತು ದೊಡ್ಡಪ್ಪ!’ ಎಂಬ ನಿನ್ನ ಉದ್ಗಾರ. ಸಂತೋಷವಾಯಿತು, ಸುಳ್ಳಲ್ಲ. ಆದರೆ ಉತ್ತರವನ್ನು ನಿನ್ನ ಫೋನಿಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ. ಪಿಎಚ್.ಡಿ.ಯ ಮೊದಲ ವರ್ಷದಲ್ಲಿ ಹನಿ ನೋಡಿ ಕುಣಿಯುವ ಮಕ್ಕಳು ನೀನೊಬ್ಬಳೇ ಇರಲಾರೆ.

ಫೋಟೋ ಬಂದ ದಿನ ಮಧ್ಯಾಹ್ನ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಹಿತ್ತಲಿನ ಕೆಸುವಿನ ಎಲೆಯೊಂದನ್ನು ಕೊಯ್ದು ತಂದು ಜಗಲಿಯ ಮೇಲೆ ಹಾಸಿದೆ. ಚಮಚದಲ್ಲಿ ನೀರು ಬಿಟ್ಟರೆ ನಿನ್ನ ಹನಿಯಂತೆಯೇ ಉರುಟಾಗಿ ಹೊರಳಿ ಅಂಚಿನಿಂದ ಬಿತ್ತು. ಎಲೆ ಒದ್ದೆಯಾಗಲಿಲ್ಲ. ಆಮೇಲೆ ಬೋರ್ಡೋಕ್ಕೆ ಬೆರೆಸಲು ತಂದಿಟ್ಟ ಅಂಟನ್ನು ಒಂದು ಲೋಟ ನೀರಿಗೆ ಚಿಟಿಕೆಯಷ್ಟು ಕದಡಿ ಬಿಟ್ಟೆ. ಈ ಹನಿ ಹೊರಳಲಿಲ್ಲ. ಕೂತಲ್ಲೇ ಚಪ್ಪಟೆಯಾಗಿ ಹರಡಿ ಎಲೆಯ ಮೈಗೆ ಹತ್ತಿಕೊಂಡಿತು. ಅಡಿಕೆ ಕೊನೆಯ ಮೇಲೆ ಔಷಧಿ ನಿಲ್ಲಬೇಕೆಂದೇ ನಾವು ಅಂಟು ಹಾಕುವುದು. ಇಲ್ಲದಿದ್ದರೆ ಮೈಲುತುತ್ತ, ಸುಣ್ಣ, ಕೊನೆಗಾರನ ಸಂಬಳ ಎಲ್ಲ ನೆಲದ ಪಾಲು. ಎಲೆ ಅದೇ, ಮೇಣ ಅದೇ. ದ್ರವ ಬದಲಾಯಿತು ಅಷ್ಟೆ. ನಿನ್ನ ಹಾಳೆಯ ಮೇಲೆ ಮುಂದೆ ಹರಿಯುವುದೂ ಬರೀ ನೀರಲ್ಲ, ಅಮೀನ್ ದ್ರಾವಣ.

ನಿನ್ನ ಕೆಲಸ ಏನೆಂದು ಮನೆಯವರು ಕೇಳಿದಾಗ ‘ಕಾರ್ಬನ್ ಡೈಆಕ್ಸೈಡ್ ಸೋಸುವ ಜರಡಿ’ ಎಂದೆಯಂತೆ. ನಿನ್ನ ಅಪ್ಪ ಹೇಳಿದ. ಹಾಗೆ ಹೇಳಬೇಡ. ನಿನ್ನ ಪೊರೆಯ, ಅಂದರೆ ಆ ಬಿಳಿ ಹಾಳೆಯ, ರಂಧ್ರ 0.2 ಮೈಕ್ರಾನ್. ತಲೆಗೂದಲೊಂದರ ಅಡ್ಡಗಲದಲ್ಲಿ ಇಂಥ ಮುನ್ನೂರು ಚಿಲ್ಲರೆ ರಂಧ್ರ ಸಾಲಾಗಿ ಹಿಡಿಸುತ್ತವೆ, ನಿಜ. ಆದರೆ ಆ ಅನಿಲದ ಅಣುವಿಗೆ ಅದು ಅಣುವಿನ ಆರುನೂರು ಪಟ್ಟು ಅಗಲದ ದಿಡ್ಡಿ ಬಾಗಿಲು. ನೈಟ್ರೋಜನ್ನೂ ಆರಾಮಾಗಿ ನುಗ್ಗುತ್ತದೆ. ಆರಿಸುವ ಕೆಲಸ ಮಾಡುವುದು ಆಚೆ ಕಡೆ ಹರಿಯುವ ಅಮೀನ್ ದ್ರಾವಣ. ಅದು ಕಾರ್ಬನ್ ಡೈಆಕ್ಸೈಡನ್ನು ರಾಸಾಯನಿಕವಾಗಿ ಹಿಡಿದುಕೊಳ್ಳುತ್ತದೆ, ಉಳಿದದ್ದನ್ನು ಬಿಡುತ್ತದೆ. ಪೊರೆಯದು ಹೊಸ್ತಿಲಿನ ಕೆಲಸ. ಈಚೆ ಅನಿಲ, ಆಚೆ ದ್ರವ, ಇಬ್ಬರೂ ರಂಧ್ರದ ಬಾಯಲ್ಲಿ ಮುಖಾಮುಖಿಯಾಗಬೇಕು. ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡಬಾರದು.

ಈ ಹೊಸ್ತಿಲಿನ ಬೆಲೆ ನನಗೆ ಗೊತ್ತಾದದ್ದು ಒಂದು ರಾತ್ರಿ ಪಾಳಿಯಲ್ಲಿ. ಹೊರರಾಜ್ಯದ ಒಂದು ರಸಗೊಬ್ಬರ ಕಾರ್ಖಾನೆಯಲ್ಲಿ ಆಗ ನಾನು ಶಿಫ್ಟ್ ಎಂಜಿನಿಯರ್. ಅಮೋನಿಯ ಮಾಡುವಲ್ಲಿ ಕಾರ್ಬನ್ ಡೈಆಕ್ಸೈಡನ್ನು ಮೊದಲೇ ತೊಳೆದು ತೆಗೆಯಬೇಕು, ಇಲ್ಲವಾದರೆ ಮುಂದಿನ ಕ್ಯಾಟಲಿಸ್ಟ್ ಕೆಡುತ್ತದೆ. ತೆಗೆದದ್ದು ಯೂರಿಯಾಕ್ಕೆ ಹೋಗುತ್ತದೆ. ನೀವೆಲ್ಲ ಹೊಸದಾಗಿ ‘ಕಾರ್ಬನ್ ಕ್ಯಾಪ್ಚರ್’ ಎನ್ನುವುದನ್ನು ಗೊಬ್ಬರದವರು ನಿನ್ನ ಅಪ್ಪ ಹುಟ್ಟುವ ಮೊದಲಿನಿಂದ ಮಾಡುತ್ತಿದ್ದಾರೆ. ಅಮೀನಿನಿಂದ ಅನಿಲ ತೊಳೆಯುವ ಪೇಟೆಂಟ್ ಬಂದದ್ದೇ 1930ರಲ್ಲಿ. ಇರಲಿ. ತೊಳೆಯುವುದು ದೊಡ್ಡ ಟವರಿನಲ್ಲಿ: ಮೇಲಿನಿಂದ ದ್ರಾವಣ, ಕೆಳಗಿನಿಂದ ಅನಿಲ, ನಡುವೆ ಉಕ್ಕಿನ ಉಂಗುರಗಳ ರಾಶಿ. ಆ ರಾತ್ರಿ ಎರಡು ಗಂಟೆಗೆ ಟವರಿನ ಮೇಲೆ-ಕೆಳಗಿನ ಒತ್ತಡದ ವ್ಯತ್ಯಾಸ ತೋರಿಸುವ ಡಿ.ಪಿ. ಮುಳ್ಳು ಏರತೊಡಗಿತು. ಒಳಗೆ ನೊರೆ. ಹಾಲು ಉಕ್ಕಿದ ಹಾಗೆ ಉಕ್ಕಿ, ಅನಿಲದ ಜೊತೆ ದ್ರಾವಣವೂ ಮೇಲಿನಿಂದ ಹಾರಿತು. ನೊರೆ ಇಳಿಸುವ ಔಷಧಿ ಹಾಕಿದೆವು, ಲೋಡ್ ಇಳಿಸಿದೆವು, ಬೆಳಗಾಗುವಷ್ಟರಲ್ಲಿ ಪ್ಲಾಂಟ್ ನಿಂತೇಹೋಯಿತು. ಎಲ್ಲೋ ಕಂಪ್ರೆಸರಿನಿಂದ ಸೋರಿದ ಒಂದಿಷ್ಟು ಎಣ್ಣೆ ದ್ರಾವಣಕ್ಕೆ ಸೇರಿತ್ತು, ಅಷ್ಟೇ ಕಾರಣ. ಅನಿಲವೂ ದ್ರವವೂ ಒಂದರೊಳಗೊಂದು ಬೆರೆಯದಿದ್ದರೆ ನೊರೆಯೂ ಇಲ್ಲ, ಹಾರುವುದೂ ಇಲ್ಲ. ನಿನ್ನ ಪೊರೆಯ ಮೇಲೆ ನನಗೆ ಆಸೆ ಹುಟ್ಟಿದ್ದು ಹೀಗೆ.

ಇನ್ನೊಂದು ಆಸೆ ಲೆಕ್ಕದ್ದು. 500 ಮೆಗಾವಾಟಿನ ಕಲ್ಲಿದ್ದಲ ಘಟಕವೊಂದು ಪೂರ್ತಿ ಓಡಿದರೆ ಗಂಟೆಗೆ ಸುಮಾರು 450 ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದರಲ್ಲಿ ಶೇ. 90 ಹಿಡಿಯಬೇಕು ಎಂದುಕೋ. ನಿನ್ನ ಪೊರೆಯ ಒಂದು ಚದರ ಮೀಟರಿನಿಂದ ಸೆಕೆಂಡಿಗೆ ಒಂದು ಮಿಲಿಮೋಲ್ ದಾಟುತ್ತದೆ ಎಂದು ಹಿಡಿದರೆ, ಬೇಕಾಗುವ ಪೊರೆ ಸುಮಾರು 25 ಲಕ್ಷ ಚದರ ಮೀಟರ್. ನಮ್ಮ ಭಾಷೆಯಲ್ಲಿ ಆರುನೂರು ಎಕರೆಗೂ ಮಿಕ್ಕಿ! ಆದರೆ ಅದನ್ನು ಹಾಳೆಯಾಗಿ ಹಾಸಬೇಕಿಲ್ಲ. ಶಾವಿಗೆಗಿಂತ ಸಣ್ಣ, ಒಳಗೆ ಟೊಳ್ಳಾದ ನೂಲುಗಳಾಗಿ ಎಳೆದು ಕಂತೆ ಕಟ್ಟಿದರೆ ಒಂದು ಘನ ಮೀಟರಿನಲ್ಲಿ ಸಾವಿರ ಚದರ ಮೀಟರಿಗೂ ಹೆಚ್ಚು ಹಿಡಿಸುತ್ತದೆ. ಆರುನೂರು ಎಕರೆ ಹದಿನಾಲ್ಕು ಮೀಟರ್ ಉದ್ದಗಲ ಎತ್ತರದ ಪೆಟ್ಟಿಗೆಯೊಳಗೆ! ಉಂಗುರ ತುಂಬಿದ ಟವರಿನಲ್ಲಿ ಸಿಗುವುದು ಘನ ಮೀಟರಿಗೆ ಕೆಲವು ನೂರು ಚದರ ಮೀಟರ್ ಮಾತ್ರ.

1985ರಲ್ಲಿ ಚೀ ಮತ್ತು ಕಸ್ಲರ್ ಎಂಬಿಬ್ಬರು ಇಂಥ ನೂಲುಗಳಲ್ಲಿ ಅನಿಲ ಹೀರಿಸಿ ತೋರಿಸಿದರು. 90ರ ದಶಕದಲ್ಲಿ ನಾರ್ವೆಯ ಕ್ವಾರ್ನರ್ ಕಂಪನಿ ಗೋರ್‌ನವರ ಟೆಫ್ಲಾನ್ ಪೊರೆಯನ್ನು ಹಿಡಿದು ಸಮುದ್ರದ ಮೇಲಿನ ಅನಿಲ ಅಟ್ಟಣೆಗಳಿಗೆ ಇದನ್ನು ಒಗ್ಗಿಸಲು ಹೊರಟಿತು. ಅಟ್ಟಣೆಯ ಮೇಲೆ ಜಾಗಕ್ಕೂ ತೂಕಕ್ಕೂ ಚಿನ್ನದ ಬೆಲೆ. ಮೇಲಾಗಿ ನಾರ್ವೆ 1991ರಲ್ಲೇ ಕಾರ್ಬನ್ ಡೈಆಕ್ಸೈಡಿಗೆ ತೆರಿಗೆ ಹಾಕಿತ್ತು. ಆದರೂ 1996ರಿಂದ ಅಲ್ಲಿನ ಸ್ಲೈಪ್ನರ್ ಅನಿಲ ಅಟ್ಟಣೆಯಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಹಿಡಿದು ಸಮುದ್ರದಡಿಗೆ ಇಳಿಸುವ ಕೆಲಸ ನಡೆದದ್ದು ಹಳೆಯ ಅಮೀನ್ ಟವರಿನಿಂದಲೇ. ನಮ್ಮ ಪಕ್ಕದ ರಾಜ್ಯದ ತೂತ್ತುಕುಡಿಯಲ್ಲಿ 2016ರಲ್ಲಿ ಕಲ್ಲಿದ್ದಲ ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಹಿಡಿದು ಸೋಡಾ ಆಶ್‌ಗೆ ಬಳಸುವ ಘಟಕ ಶುರುವಾಯಿತಲ್ಲ, ಅಲ್ಲೂ ಟವರ್.

ಟವರ್ ಯಾಕೆ ಇನ್ನೂ ಗೆಲ್ಲುತ್ತಿದೆ? ನನಗೆ ಕಾಣುವ ದೊಡ್ಡ ಕಾರಣ ಒದ್ದೆಯಾಗುವುದು.

ರಂಧ್ರ ಒಣಗಿದ್ದಾಗ ಅನಿಲ ಅದರಲ್ಲಿ ಓಡುತ್ತದೆ. ದ್ರವ ಹೊಕ್ಕರೆ ತೆವಳಬೇಕು: ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹರಡುವ ವೇಗ ಗಾಳಿಗಿಂತ ಸುಮಾರು ಎಂಟು ಸಾವಿರ ಪಟ್ಟು ಕಡಿಮೆ. 0.2 ಮೈಕ್ರಾನಿನ ಟೆಫ್ಲಾನ್ ರಂಧ್ರಕ್ಕೆ ಶುದ್ಧ ನೀರನ್ನು ನುಗ್ಗಿಸಲು ಹತ್ತಿರ ಹತ್ತಿರ 5 ಬಾರ್ ಒತ್ತಡ ಬೇಕು. ಇದು ನಿನಗೆ ಬಾಯಿಪಾಠ. ಆದರೆ ಅದೇ ಹಾಳೆಯಲ್ಲಿ ಎಲ್ಲೋ ಒಂದು 2 ಮೈಕ್ರಾನಿನ ತೂತಿದ್ದರೆ ಅಲ್ಲಿಗೆ ಅರ್ಧ ಬಾರ್ ಸಾಕು. ಗದ್ದೆಯ ಅಂಚು ಎಷ್ಟು ಗಟ್ಟಿಯಾಗಿದ್ದರೇನು, ನೀರು ಹೋಗುವುದು ಏಡಿ ಬಿಲದಲ್ಲಿ. ಆದ್ದರಿಂದ ಸರಾಸರಿ ರಂಧ್ರದ ಅಳತೆ ಹೇಳಿ ನನ್ನನ್ನು ಸಮಾಧಾನ ಮಾಡಬೇಡ, ಎಲ್ಲಕ್ಕಿಂತ ದೊಡ್ಡದು ಎಷ್ಟು ಎಂದು ಹೇಳು. ದ್ರವದ ಒತ್ತಡ ಪೂರಾ ಇಳಿಸುವ ಹಾಗೂ ಇಲ್ಲ; ಇಳಿಸಿದರೆ ಅನಿಲ ಗುಳ್ಳೆಯಾಗಿ ಆಚೆ ನುಗ್ಗುತ್ತದೆ. ಸಾಲದ್ದಕ್ಕೆ ಅಮೀನ್ ಬೆರೆತಾಗ ನೀರಿನ ಮೇಲ್ಮೈ ಎಳೆತ ಇಳಿಯುತ್ತದೆ, ಪಾಲಿಪ್ರಾಪಿಲೀನ್ ನೂಲು ವಾರಗಟ್ಟಲೆ ಅದರಲ್ಲಿ ನೆನೆದು ಉಬ್ಬುತ್ತದೆ, ರಂಧ್ರದ ಆಕಾರವೇ ಬದಲಾಗುತ್ತದೆ. ಮೊದಲ ದಿನದ 152 ಡಿಗ್ರಿ ಅರವತ್ತನೆಯ ದಿನಕ್ಕೆ ಎಷ್ಟು?

ಈ ಪ್ರಶ್ನೆಯನ್ನು ನಿನಗಿಂತ ಮೊದಲು ಎದುರಿಸಿದವರು ಹೃದಯದ ಡಾಕ್ಟರುಗಳು. ನಿನ್ನ ಅಜ್ಜನ ಬೈಪಾಸ್ ಆದಾಗ ಹಾರ್ಟ್-ಲಂಗ್ ಮಷೀನಿನಲ್ಲಿ ರಕ್ತಕ್ಕೆ ಆಕ್ಸಿಜನ್ ಕೊಟ್ಟು ಕಾರ್ಬನ್ ಡೈಆಕ್ಸೈಡ್ ತೆಗೆದದ್ದೂ ಇಂಥದೇ ಟೊಳ್ಳು ನೂಲುಗಳ ಕಂತೆ. ಕೆಲವು ಗಂಟೆಯ ಶಸ್ತ್ರಚಿಕಿತ್ಸೆಗೆ ರಂಧ್ರವಿರುವ ಪಾಲಿಪ್ರಾಪಿಲೀನ್ ಸಾಕು. ದಿನಗಟ್ಟಲೆ ಓಡುವ ಎಕ್ಮೋ ಯಂತ್ರದಲ್ಲಿ ಮಾತ್ರ ರಕ್ತದ ಕೊಬ್ಬಿನಂಶ ರಂಧ್ರದ ಗೋಡೆಗೆ ಹತ್ತಿ, ಪ್ಲಾಸ್ಮಾ ಆಚೆ ಕಡೆ ಜಿನುಗತೊಡಗುತ್ತದೆ. ನನ್ನ ಎಲೆಯ ಮೇಲಿನ ಅಂಟಿನ ನೀರು ಮಾಡಿದ್ದೂ ಇದನ್ನೇ. ಅವರು ಕಂಡುಕೊಂಡ ದಾರಿ ಪಾಲಿಮೀಥೈಲ್‌ಪೆಂಟೀನ್ ನೂಲು: ಹೊರಮೈಯಲ್ಲಿ ರಂಧ್ರವೇ ಇಲ್ಲದ ತೆಳು ಚರ್ಮ, ಅನಿಲ ಅದರಲ್ಲಿ ಕರಗಿ ದಾಟುತ್ತದೆ. ಚರ್ಮ ಸ್ವಲ್ಪ ತಡೆ ಒಡ್ಡುತ್ತದೆ, ಆದರೆ ಆ ತಡೆ ದಿನದಿಂದ ದಿನಕ್ಕೆ ಬೆಳೆಯುವುದಿಲ್ಲ. ನಿನ್ನ ಕ್ಷೇತ್ರದಲ್ಲೂ ಈ ಚರ್ಮದ ಪೊರೆಗಳ ಮೇಲೆ ಕೆಲಸ ನಡೆದಿದೆ. ನಾನಾದರೆ ಕೋನ ಇನ್ನೆರಡು ಡಿಗ್ರಿ ಏರಿಸುವುದನ್ನು ಬಿಟ್ಟು ಆ ಕಡೆ ತಿರುಗುತ್ತಿದ್ದೆ. ಗ್ರಂಥಾಲಯದಲ್ಲಿ ಎಂಜಿನಿಯರಿಂಗ್ ಕಪಾಟು ದಾಟಿ ವೈದ್ಯಕೀಯದ ಕಪಾಟಿಗೂ ಒಂದು ವಾರ ಹೋಗಿ ಕೂತುಕೋ.

ಎರಡು ಮಾತನ್ನು ನಿನ್ನ ಪ್ರಬಂಧದ ಮೊದಲ ಪುಟದಲ್ಲೇ ಒಪ್ಪಿಕೊಂಡುಬಿಡು. ಒಂದು, ಹಿಡಿದ ಅನಿಲವನ್ನು ಅಮೀನಿನಿಂದ ಬಿಡಿಸಲು ದ್ರಾವಣವನ್ನು ಸುಮಾರು 120 ಡಿಗ್ರಿಗೆ ಕಾಯಿಸಬೇಕು, ಟನ್ನಿಗೆ 3.5ರಿಂದ 4 ಗಿಗಾಜೂಲ್. ಖರ್ಚಿನ ದೊಡ್ಡ ಪಾಲು ಅದೇ, ನಿನ್ನ ಪೊರೆ ಅದನ್ನು ಇಳಿಸುವುದಿಲ್ಲ. ಪೊರೆಯಿಂದ ಉಳಿಯುವುದು ಜಾಗ, ತೂಕ, ಮತ್ತೆ ನನ್ನಂಥವರ ರಾತ್ರಿ ನಿದ್ದೆ. ಇನ್ನೊಂದು, ನೀರು ಒಲ್ಲದ ಪೊರೆಗಳಲ್ಲಿ ಒಳ್ಳೆಯವೆಲ್ಲ ಬಹುಪಾಲು ಫ್ಲೋರಿನ್ ಇರುವಂಥವು. ಟೆಫ್ಲಾನ್ 1938ರಿಂದ ನಮ್ಮ ಜೊತೆಗಿದೆ. ಆ ಕುಲದ ರಾಸಾಯನಿಕಗಳು ಮಣ್ಣಿನಲ್ಲಿ ಕೊಳೆಯುವುದಿಲ್ಲವೆಂದು ಯುರೋಪಿನ ಐದು ದೇಶಗಳು 2023ರಲ್ಲಿ ಅವುಗಳಿಗೆ ಕಡಿವಾಣ ಹಾಕುವ ಪ್ರಸ್ತಾಪ ಇಟ್ಟಿವೆ. ಕೆಸುವಿನ ಎಲೆ ಫ್ಲೋರಿನ್ ಇಲ್ಲದೆ, ಬರೀ ಮೇಣದಲ್ಲಿ, ಮೈಯ ಒರಟಿನಲ್ಲಿ ನಿಭಾಯಿಸುತ್ತದೆ. ಆದರೆ ಅದು ಬಿಸಿ ಅಮೀನಿಗೆ ತಡೆದೀತೇ, ಗೊತ್ತಿಲ್ಲದೆ ಉಪಮೆ ಹೊಡೆಯುವುದು ಬೇಡ.

ಚೌತಿಗೆ ಬರುತ್ತೀಯಲ್ಲ, ಬರುವಾಗ ಅಮೀನಿನಲ್ಲಿ ನೆನೆಸಿಟ್ಟ ನೂಲಿನ ಸಂಖ್ಯೆಗಳನ್ನು ತಾ. ಮೊದಲ ದಿನದ್ದು, ಹತ್ತನೆಯ ದಿನದ್ದು, ಮೂವತ್ತನೆಯದ್ದು. ಇಳಿದಿದ್ದರೆ ಇಳಿದದ್ದನ್ನೇ ತಾ, ಮುಚ್ಚಿಡಬೇಡ. ಒಂದು ಗೇಣು ಹೊಸ ನೂಲೂ ಇರಲಿ, ನನ್ನ ಹಳೆಯ ಕನ್ನಡಕಕ್ಕೆ ಕಾಣುತ್ತದೋ ನೋಡಬೇಕು. ದೊಡ್ಡಮ್ಮ ಪತ್ರೊಡೆಗೆಂದು ಎಣಿಸಿಟ್ಟ ಎಲೆಗಳಲ್ಲಿ ಒಂದಕ್ಕೆ ನಾನು ಅಂಟು ಬಳಿದು ಕೆಡಿಸಿದ್ದು ಅವಳಿಗೆ ಇನ್ನೂ ತಿಳಿದಿಲ್ಲ. ಪತ್ರಿಕೆ ಮನೆಗೆ ಬಂದ ಮೇಲೆ ತಿಳಿಯುತ್ತದೆ.

ಇಂತಿ ನಿನ್ನ
ದೊಡ್ಡಪ್ಪ